ಹೊಟ್ಟೆ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್: ತೊಂದರೆ ಕಡಿಮೆ ಆಗಲು ಏನೇನು ನೋಡಿಕೊಳ್ಳಬೇಕು?

ಸಾಗರದ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 61 ವರ್ಷ, ಅಡಿಕೆ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದವರು. ಈಚೆಗೆ ನಾಲ್ಕು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಗ್ಯಾಸ್ ಅಂತ ಊರಲ್ಲೇ ಮಾತ್ರೆ ತೆಗೆದುಕೊಂಡರು. ತೂಕ ಇಳಿಯುತ್ತಾ ಹೋಯಿತು. ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಿದಾಗ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಗಡ್ಡೆ ಜಠರದ ಕೆಳಭಾಗದಲ್ಲಿದೆ, ಬೇರೆ ಕಡೆ ಹರಡಿಲ್ಲ. ಫ್ಲಾಟ್ (FLOT) ಅನ್ನುವ ಕೀಮೊ 4 ಸಲ ಕೊಟ್ಟಾಗಿದೆ, ಈಗ ಆಪರೇಷನ್ ಆಗಬೇಕು.

ಬೆಂಗಳೂರಿನಲ್ಲಿ ಒಬ್ಬ ಡಾಕ್ಟರ್ ಕೀಹೋಲ್ ಮಾಡೋಣ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ ಮಾಡೋಣ ಅಂದರು. ಇನ್ನೊಬ್ಬರು ಹೊಟ್ಟೆ ದೊಡ್ಡದಾಗಿ ಕೊಯ್ದು ಮಾಡುವ ಓಪನ್ ಒಳ್ಳೆಯದು ಅಂದರು. ಮನೆಯಲ್ಲಿ ದೊಡ್ಡಪ್ಪ ಒಂದು ಕಡೆ, ನಮ್ಮ ಭಾವ ಇನ್ನೊಂದು ಕಡೆ. ಆಪರೇಷನ್ ಆದ ಮೇಲೆ ಒಳಗೆ ಜೋಡಿಸಿದ ಜಾಗ ಲೀಕ್ ಆಗುತ್ತೆ, ಸೋಂಕು ಆಗುತ್ತೆ ಅಂತೆಲ್ಲ ಕೇಳಿ ಅಮ್ಮನಿಗೆ ನಿದ್ದೆ ಇಲ್ಲ. ಯಾವುದರಲ್ಲಿ ತೊಂದರೆ ಕಡಿಮೆ? ನಾವು ಮನೆಯವರು ಮಾಡಬಹುದಾದದ್ದು ಏನಾದರೂ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಪೇಟೆಬೀದಿ
ನನ್ನ ಮಾತು ಕೇಳಿದರೆ ಓಪನ್. ಕಣ್ಣಾರೆ ನೋಡಿ ಕೈಯಾರೆ ತೆಗೆಯುವುದಕ್ಕೂ ಟಿವಿ ನೋಡಿಕೊಂಡು ತೆಗೆಯುವುದಕ್ಕೂ ವ್ಯತ್ಯಾಸ ಇಲ್ವಾ? ಕ್ಯಾನ್ಸರ್ ಅಂದರೆ ಅಪೆಂಡಿಕ್ಸ್ ಅಲ್ಲ.

ಕತ್ತರಿ_ಸೂಜಿ
ಕ್ಯಾನ್ಸರ್ ಸರ್ಜರಿ ನನ್ನ ಕೆಲಸ. ಅಪ್ಪನ ರಿಪೋರ್ಟ್ ನೋಡದೆ ಇದನ್ನೇ ಮಾಡಿಸಿ ಅನ್ನುವುದಿಲ್ಲ. ಆದರೆ ಪೇಟೆಬೀದಿ ಅವರ ಮಾತನ್ನು ಹಾಗೇ ಬಿಡಲು ಆಗಲ್ಲ.

ಈ ಆಪರೇಷನ್ ನಿನ್ನೆ ಮೊನ್ನೆ ಬಂದದ್ದಲ್ಲ. ಜಪಾನಿನಲ್ಲಿ ಕಿಟಾನೊ ಅವರ ತಂಡ 1991ರಲ್ಲೇ ಹೊಟ್ಟೆ ಕ್ಯಾನ್ಸರ್‌ಗೆ ಲ್ಯಾಪ್ರೋಸ್ಕೋಪಿ, ಅಂದರೆ ಈ ಕೀಹೋಲ್ ವಿಧಾನ, ಬಳಸಿತು. ಆಮೇಲೆ ಕೊರಿಯಾ, ಚೀನಾ, ಜಪಾನ್‌ಗಳಲ್ಲಿ ದೊಡ್ಡ ದೊಡ್ಡ ಅಧ್ಯಯನಗಳು ನಡೆದವು. ಕೊರಿಯಾದ ಕ್ಲಾಸ್-01 ಅನ್ನುವ ಅಧ್ಯಯನದಲ್ಲಿ 1,416 ಜನ ಇದ್ದರು, ಎಲ್ಲರದ್ದೂ ಆರಂಭದ ಹಂತ. ತೊಂದರೆಗಳು ಕೀಹೋಲ್‌ನಲ್ಲಿ 13%, ಓಪನ್‌ನಲ್ಲಿ 19.9%. ಮುಖ್ಯವಾಗಿ ಗಾಯಕ್ಕೆ ಸಂಬಂಧಿಸಿದ ತೊಂದರೆ ಕಡಿಮೆಯಾಯಿತು. ಸ್ವಲ್ಪ ಮುಂದುವರಿದ ಕ್ಯಾನ್ಸರ್ ಇದ್ದವರ ಮೇಲೆ ಕ್ಲಾಸ್-02 ನಡೆಯಿತು, ಅಲ್ಲಿ 16.6% ಮತ್ತು 24.1%. ಚೀನಾದ ಅಧ್ಯಯನದಲ್ಲಿ 1,056 ಜನ. 3 ವರ್ಷದ ನಂತರ ಕ್ಯಾನ್ಸರ್ ಮರಳದೆ ಇದ್ದವರು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, 76.5% ಮತ್ತು 77.8%. ಅಂದರೆ ಕ್ಯಾಮೆರಾ ಹಾಕಿ ಮಾಡಿದ್ದಕ್ಕೆ ಕ್ಯಾನ್ಸರ್ ಒಳಗೆ ಉಳಿದುಬಿಟ್ಟಿತು ಅನ್ನುವ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಪೇಟೆಬೀದಿ
ಸರ್, ಅವೆಲ್ಲ ಕೊರಿಯಾ, ಚೀನಾ. ನಮ್ಮಲ್ಲಿ?

ಕತ್ತರಿ_ಸೂಜಿ
ಕೇಳಬೇಕಾದ ಪ್ರಶ್ನೆಯೇ ಅದು. ಆ ಅಧ್ಯಯನಗಳಲ್ಲಿ ಯಾರು ಬೇಕಾದರೂ ಆಪರೇಷನ್ ಮಾಡುವ ಹಾಗಿರಲಿಲ್ಲ. ಕನಿಷ್ಠ 50 ಇಂಥ ಆಪರೇಷನ್ ಮಾಡಿದ ಅನುಭವ ಇರಬೇಕಿತ್ತು. ಕ್ಲಾಸ್-02ರಲ್ಲಂತೂ ಸರ್ಜನ್‌ಗಳು ತಮ್ಮ ಆಪರೇಷನ್ನಿನ ವಿಡಿಯೊವನ್ನು ಕತ್ತರಿಸದೆ ಪೂರ್ತಿ ಕೊಡಬೇಕಿತ್ತು. ಬೇರೆಯವರು ಅದನ್ನು ನೋಡಿ ಒಪ್ಪಿದ ಮೇಲೆಯೇ ಅವಕಾಶ.

ನೆದರ್ಲೆಂಡ್ಸ್‌ನಲ್ಲಿ ಲಾಜಿಕಾ ಅಂತ ಒಂದು ಅಧ್ಯಯನ ನಡೆಯಿತು, 227 ಜನರ ಮೇಲೆ. ಅಲ್ಲಿ ತೊಂದರೆಗಳು ಕೀಹೋಲ್‌ನಲ್ಲಿ 44%, ಓಪನ್‌ನಲ್ಲಿ 42%. ಆಸ್ಪತ್ರೆಯಲ್ಲಿ ಉಳಿದ ದಿನಗಳಲ್ಲೂ ವ್ಯತ್ಯಾಸ ಇಲ್ಲ. ಅಲ್ಲಿನ ರೋಗಿಗಳೇ ಬೇರೆ ಥರ: ಕಾಯಿಲೆ ಮುಂದುವರಿದದ್ದು, ಕೀಮೊ ಆದವರು ಜಾಸ್ತಿ, ಇಡೀ ಜಠರ ತೆಗೆದವರೂ ಜಾಸ್ತಿ. ನಿಮ್ಮ ಅಪ್ಪನಿಗೂ ಕೀಮೊ ಆಗಿದೆ. ಹಾಗಾಗಿ ಸಣ್ಣ ರಂಧ್ರ ಅಂದ ಕೂಡಲೇ ತೊಂದರೆ ತಾನಾಗಿ ಕಡಿಮೆ ಅಂದುಕೊಳ್ಳಬೇಡಿ. ಯಾರ ಕೈ, ಎಷ್ಟು ಪಳಗಿದ ತಂಡ, ಆಪರೇಷನ್‌ಗೆ ಮುಂಚೆ ರೋಗಿಯ ದೇಹ ಎಷ್ಟು ಗಟ್ಟಿ ಇದೆ, ಆಮೇಲೆ ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾರೆ, ಇವುಗಳ ಮೇಲೇ ಎಲ್ಲ ನಿಂತಿದೆ.

ಹುಬ್ಬಳ್ಳಿ_ಮಂದಿ
ಅಂಕಿ ಅಂಶ ಏನೇ ಇರಲಿ ಸರ್. ನಮ್ಮ ಸೋದರಮಾವನಿಗೆ ಕೀಹೋಲ್‌ನಲ್ಲೇ ಮಾಡಿದರು, ಆಸ್ಪತ್ರೆ ಹೆಸರು ಬೇಡ. ಮೊದಲ ಎರಡು ದಿನ ಆರಾಮ ಇದ್ದರು. ಮೂರನೇ ದಿನ ಎದೆ ಡವಡವ ಅನ್ನುತ್ತೆ, ಎಡ ಭುಜ ನೋವು ಅಂದರು. ಜ್ವರ ಇರಲಿಲ್ಲ. ಡ್ಯೂಟಿಯಲ್ಲಿದ್ದವರು ಗ್ಯಾಸ್ ತುಂಬಿಸಿರುತ್ತಾರೆ, ಅದಕ್ಕೆ ಭುಜ ನೋವು ಅಂತ ಹೇಳಿ ಹೋದರು. ಮರುದಿನ ಸಂಜೆ ಸಿಟಿ ಮಾಡಿದಾಗ ಜೋಡಿಸಿದ ಜಾಗದಲ್ಲಿ ಸೋರುತ್ತಿತ್ತು. ಮತ್ತೆ ಆಪರೇಷನ್, ಐಸಿಯು, ವೆಂಟಿಲೇಟರ್. ಮಾವ ಉಳಿದರು, ಆದರೆ ಮನೆಯವರು ಪಟ್ಟ ಪಾಡು ದೇವರಿಗೇ ಪ್ರೀತಿ. ಮೊದಲೇ ದೊಡ್ಡದಾಗಿ ತೆಗೆದು ಸರಿಯಾಗಿ ಹೊಲಿದಿದ್ದರೆ ಇದು ಆಗುತ್ತಿತ್ತಾ?

ಕತ್ತರಿ_ಸೂಜಿ
ಓದಿ ಬೇಸರವಾಯಿತು. ಲೀಕ್ ಓಪನ್‌ನಲ್ಲೂ ಆಗುತ್ತದೆ. ಎರಡರಲ್ಲೂ ಸಾಮಾನ್ಯವಾಗಿ ಸ್ಟೇಪ್ಲರ್‌ನಿಂದಲೇ, ಅಂದರೆ ಪಿನ್ ಹೊಡೆಯುವ ಸಲಕರಣೆಯಿಂದಲೇ, ಜೋಡಿಸುತ್ತಾರೆ. ನಿಮ್ಮ ಮಾವನ ವಿಷಯದಲ್ಲಿ ನನಗೆ ಕಾಣುವುದು ಎದೆಬಡಿತ ಜೋರಾಗಿದ್ದರೂ ಆ ದಿನವೇ ಸಿಟಿ ಮಾಡದೇ ಇದ್ದದ್ದು. ಗ್ಯಾಸ್‌ನಿಂದ ಭುಜ ನೋವು ಬರುವುದು ನಿಜ. ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು, ನಾಡಿ ಏರಬಾರದು.

ವಾರ್ಡ್_ಸಿಸ್ಟರ್
ಹುಬ್ಬಳ್ಳಿಯವರು ಹೇಳಿದ್ದು ಅಕ್ಷರಶಃ ಸರಿ, ಜ್ವರ ಬರಲೇಬೇಕು ಅಂತ ಇಲ್ಲ. ನಾನು ಸರ್ಜರಿ ವಾರ್ಡ್‌ನಲ್ಲಿ ನರ್ಸ್. ಅಟೆಂಡರ್ ಆಗಿ ಕೂರುವವರು ಗಮನಿಸಬೇಕಾದದ್ದು ಹೇಳುತ್ತೇನೆ. ನಾಡಿ ಮಿಷನ್‌ನಲ್ಲಿ ಕಾಣುತ್ತೆ. ನೋವು ಕಡಿಮೆ ಇದ್ದರೂ, ಸುಮ್ನೆ ಮಲಗಿದ್ದರೂ 100 ದಾಟಿ ಅಲ್ಲೇ ನಿಂತರೆ ಕರೆದು ಹೇಳಿ. ಉಸಿರು ಜೋರಾಗಿದೆಯಾ, ರೋಗಿ ಚಡಪಡಿಸುತ್ತಾರಾ ನೋಡಿ. "ಏನೋ ಸರಿ ಇಲ್ಲ ಕಣಮ್ಮ" ಅಂತ ಅವರೇ ಹೇಳಿದರೆ ಅದನ್ನು ತಳ್ಳಿಹಾಕಬೇಡಿ.

ಇನ್ನೊಂದು ಡ್ರೈನ್ ಪೈಪ್, ಹೊಟ್ಟೆಯೊಳಗಿನ ದ್ರವ ಹೊರಗೆ ಬರಲು ಇಟ್ಟದ್ದು. ಮೊದಲ ದಿನ ಸ್ವಲ್ಪ ಕೆಂಪಾಗಿ ಬರುತ್ತೆ, ಆಮೇಲೆ ತಿಳಿ ಹಳದಿಯಾಗುತ್ತಾ ಹೋಗಬೇಕು. ಹಸಿರು ಹಳದಿ ಪಿತ್ತದ ಬಣ್ಣ, ಮಡ್ಡಿ, ಕೀವು, ಕೆಟ್ಟ ವಾಸನೆ ಕಂಡರೆ ತಡ ಮಾಡಬೇಡಿ. ತಿಳಿಯಾಗಿದ್ದದ್ದು ಕೆಲವು ದಿನ ಬಿಟ್ಟು ಮತ್ತೆ ಕೆಂಪಾದರೆ, ಒಂದೆರಡು ಚಮಚದಷ್ಟೇ ಇದ್ದರೂ, ತಕ್ಷಣ ಡಾಕ್ಟರ್‌ಗೆ ತೋರಿಸಿ. ಒಳಗೆ ರಕ್ತನಾಳ ಬಿರುಕು ಬಿಡುವ ಮುನ್ಸೂಚನೆ ಅದಾಗಿರಬಹುದು, ಆಮೇಲೆ ಒಮ್ಮೆಗೇ ಜೋರಾಗಿ ಹೋಗುತ್ತೆ. ರಾತ್ರಿ ಎರಡು ಗಂಟೆಯಾದರೂ ಬೆಲ್ ಒತ್ತಿ. ನಮಗೆ ಬೇಜಾರಾಗುತ್ತೆ ಅಂತ ಅಂದುಕೊಳ್ಳಬೇಡಿ.

ಮೈಸೂರು_ಮಲ್ಲಿಗೆ_22
ಸಿಸ್ಟರ್, ಈ ಕಾಮೆಂಟ್ ಉಳಿಸಿಟ್ಟುಕೊಂಡೆ. ಧನ್ಯವಾದ.

ರಾಗಿ_ಅಂಬಲಿ
ಕೀಹೋಲ್ ಅಂದರೆ ಲೇಸರ್‌ನಲ್ಲಿ ಸುಡುವುದು ತಾನೆ? ನಮ್ಮೂರಲ್ಲಿ ಎಲ್ಲರೂ ಲೇಸರ್ ಅಂತಾರೆ.

ಕತ್ತರಿ_ಸೂಜಿ
ಇಲ್ಲ, ಲೇಸರ್ ಇರುವುದಿಲ್ಲ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತೇವೆ. ಐದಾರು ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉದ್ದನೆಯ ಸಲಕರಣೆ ಹಾಕುತ್ತೇವೆ. ಒಳಗೆ ಮಾಡುವ ಕೆಲಸ ಓಪನ್‌ನಷ್ಟೇ ದೊಡ್ಡದು. ಜಠರದ ಭಾಗ ತೆಗೆದು, ಸುತ್ತಲಿನ ರಕ್ತನಾಳಗಳ ಪಕ್ಕದ ಲಿಂಫ್ ಗಂಟುಗಳನ್ನೂ ತೆಗೆಯಬೇಕು. ಪರೀಕ್ಷೆಗೆ ಕನಿಷ್ಠ 16 ಗಂಟು ಸಿಗಬೇಕು ಅಂತ ಲೆಕ್ಕ. ಕೊನೆಯಲ್ಲಿ ಜಠರವನ್ನು ಹೊರಗೆ ತೆಗೆಯಲು ಒಂದು ಚಿಕ್ಕ ಕೊಯ್ತ ಹಾಕಲೇಬೇಕು.

ಡಯಟ್_ಶೋಭಾ
ಸಾಗರದವರೇ, ನಿಮ್ಮ ಕೈಯಲ್ಲಿ ಏನಿದೆ ಅಂತ ಕೇಳಿದಿರಿ. ಊಟ ನಿಮ್ಮ ಕೈಯಲ್ಲಿದೆ. ತೂಕ ಎಷ್ಟು ಇಳಿದಿದೆ? ಆರು ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದಿದ್ದರೆ ಡಾಕ್ಟರ್‌ಗೆ ಒತ್ತಿ ಹೇಳಿ. ತೀರಾ ಸೊರಗಿದವರಿಗೆ 7ರಿಂದ 14 ದಿನ ಪೌಷ್ಟಿಕ ಆಹಾರ ಕೊಟ್ಟು, ಅಗತ್ಯ ಬಿದ್ದರೆ ಆಪರೇಷನ್ ಮುಂದೂಡಿಯಾದರೂ, ಆಮೇಲೆ ಮಾಡಿ ಅಂತಲೇ ಮಾರ್ಗಸೂಚಿಗಳು ಹೇಳುತ್ತವೆ. ಸೊರಗಿದ ದೇಹದಲ್ಲಿ ಹೊಲಿಗೆ ಕೂಡುವುದು ಕಷ್ಟ.

ಕ್ಯಾನ್ಸರ್ ಬಂದ ಮನೆಯಲ್ಲಿ ಎಲ್ಲರೂ ರೋಗಿಗೆ ಬರೀ ಗಂಜಿ, ತಿಳಿಸಾರು ಕೊಡುತ್ತಾರೆ. ಅದು ಸಾಲದು. ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಇದ್ದರೆ 70 ಗ್ರಾಂ ಆಸುಪಾಸು. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೊಟ್ಟೆ ತಿನ್ನದವರಾದರೆ ಮೊಸರು, ಪನೀರ್, ಹೆಸರುಬೇಳೆ ತೊವ್ವೆ ಗಟ್ಟಿಯಾಗಿ, ಹುರಿಗಡಲೆ ಪುಡಿ ಹಾಕಿದ ರಾಗಿ ಮಾಲ್ಟ್, ಜೊತೆಗೆ ಆಸ್ಪತ್ರೆಯವರು ಬರೆದುಕೊಟ್ಟ ಪ್ರೋಟೀನ್ ಪುಡಿ. ಒಮ್ಮೆಗೇ ಬಟ್ಟಲು ತುಂಬಾ ಇಡಬೇಡಿ, ಎರಡು ಗಂಟೆಗೊಮ್ಮೆ ಅರ್ಧ ಲೋಟ ಕೊಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಅಲ್ಲಿನ ಡಯಟೀಷಿಯನ್ ಕೇಳಿಯೇ ಮಾಡಿ.

ಸಾಗರದ_ಹುಡುಗ
ಮೇಡಂ, 64 ಇದ್ದವರು ಈಗ 56. ನಾವೂ ಬರೀ ಗಂಜಿ ಕೊಡುತ್ತಿದ್ದೆವು. ಅಮ್ಮನಿಗೆ ನಿಮ್ಮ ಕಾಮೆಂಟ್ ಓದಿ ಹೇಳಿದೆ. ಮೊಟ್ಟೆ ಅಪ್ಪ ತಿನ್ನಲ್ಲ, ಪನೀರ್ ಆಗುತ್ತೆ ಅಂದರು.

ಪ್ರಕೃತಿ_ಪ್ರಿಯ
ಆಪರೇಷನ್‌ಗೆ ಅವಸರ ಮಾಡಬೇಡಿ. ನಮ್ಮ ಕಡೆ ಒಬ್ಬರು ಗಿಡಮೂಲಿಕೆ ಕಷಾಯ ಕೊಡುತ್ತಾರೆ, ಮೂರು ತಿಂಗಳಲ್ಲಿ ಗಡ್ಡೆ ಕರಗುತ್ತೆ.

ವಾರ್ಡ್_ಸಿಸ್ಟರ್
ಪ್ರಕೃತಿ_ಪ್ರಿಯ ಅವರೇ, ಕೈಮುಗಿದು ಕೇಳಿಕೊಳ್ಳುತ್ತೇನೆ, ಇದನ್ನು ಇಲ್ಲಿ ಹೇಳಬೇಡಿ. ಆ ಮೂರು ತಿಂಗಳು ಕಳೆದು ಬಂದವರನ್ನು ನಾವು ನೋಡುತ್ತೇವೆ. ಹೊಟ್ಟೆಯಲ್ಲಿ ನೀರು ತುಂಬಿರುತ್ತೆ. ಆಗ ಆಪರೇಷನ್ನೇ ಆಗಲ್ಲ. ಸಾಗರದವರೇ, ಕೀಮೊ ಮುಗಿದ ಮೇಲೆ ಸರ್ಜನ್ ಕೊಟ್ಟ ತಾರೀಖು ತಪ್ಪಿಸಬೇಡಿ.

ಸೋಲ್_ಕನ್ನಡಿಗ
ಕೆಲಸದ ಮೇಲೆ ದಕ್ಷಿಣ ಕೊರಿಯಾದಲ್ಲಿದ್ದೇನೆ, ಮೇಲೆ ಕೊರಿಯಾ ಹೆಸರು ಬಂತಲ್ಲ ಅಂತ ಬರೆಯುತ್ತಿದ್ದೇನೆ. ಇಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಹೊಟ್ಟೆಯ ತಪಾಸಣೆ ಸರ್ಕಾರಿ ಯೋಜನೆಯಲ್ಲೇ ಇದೆ, ಹೆಚ್ಚಾಗಿ ಎಂಡೋಸ್ಕೋಪಿ. ಆಫೀಸಿನಲ್ಲಿ "ನಾಳೆ ಎಂಡೋಸ್ಕೋಪಿ, ಊಟಕ್ಕೆ ಬರಲ್ಲ" ಅನ್ನುವುದು ಮಾಮೂಲಿ ಮಾತು. ಹಾಗಾಗಿ ಕ್ಯಾನ್ಸರ್ ಚಿಕ್ಕದಿದ್ದಾಗಲೇ ಸಿಕ್ಕಿಬೀಳುತ್ತೆ. ಸರ್ಜನ್‌ಗಳಿಗೂ ದಿನನಿತ್ಯದ ಕೆಲಸ ಆಗಿಬಿಡುತ್ತೆ. ನಮ್ಮ ದೇಶದಲ್ಲಿ ಈ ಕಾಯಿಲೆ ಅಷ್ಟು ಜಾಸ್ತಿ ಇಲ್ಲ, ಅದಕ್ಕೇ ಕೈ ಪಳಗುವುದೂ ಕಷ್ಟ ಅನಿಸುತ್ತೆ.

ಕತ್ತರಿ_ಸೂಜಿ
ಹೌದು. ನಮ್ಮಲ್ಲೂ ಮಿಜೋರಾಂನಲ್ಲಿ ತುಂಬಾ ಜಾಸ್ತಿ. ಕರ್ನಾಟಕದಲ್ಲಿ ಚದುರಿಹೋಗಿವೆ, ಇಲ್ಲೊಂದು ಅಲ್ಲೊಂದು. ಒಂದು ಸಣ್ಣ ಆಸ್ಪತ್ರೆಗೆ ವರ್ಷಕ್ಕೆ ಮೂರೋ ನಾಲ್ಕೋ ಬಂದರೆ ತಂಡ ಕಲಿಯುವುದು ಯಾವಾಗ? ಒಬ್ಬ ಸರ್ಜನ್‌ಗೆ ಈ ಆಪರೇಷನ್ ಹಿಡಿತಕ್ಕೆ ಬರಲು 40-60 ಕೇಸ್ ಬೇಕು ಅಂತಾರೆ. ಅದಕ್ಕೇ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ, ಅಥವಾ ಇಂಥ ಕೇಸ್ ನಿಯಮಿತವಾಗಿ ಮಾಡುವ ಕಡೆ, ಒಮ್ಮೆ ಅಭಿಪ್ರಾಯ ತೆಗೆದುಕೊಳ್ಳಿ ಅನ್ನುವುದು.

ಐಟಿ_ರವಿ
ರೋಬೋಟ್ ಇದೆಯಲ್ಲ? ನಮ್ಮ ಇನ್ಶೂರೆನ್ಸ್‌ನಲ್ಲಿ ಬರುತ್ತೆ. ರೋಬೋಟ್‌ನಲ್ಲಿ ತೊಂದರೆ ಇಲ್ಲವೇ ಇಲ್ಲ ಅಂತ ಜಾಹೀರಾತು ನೋಡಿದೆ.

ಕತ್ತರಿ_ಸೂಜಿ
ಇಲ್ಲವೇ ಇಲ್ಲ ಅನ್ನುವ ಜಾಹೀರಾತು ನಂಬಬೇಡಿ. ರೋಬೋಟ್‌ನಲ್ಲೂ ಕೈ ಸರ್ಜನ್ನಿನದೇ. ಅದರ ಲಾಭ ಎಲ್ಲಿ ಅಂದರೆ, ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ, ಪ್ಯಾಂಕ್ರಿಯಾಸ್. ಅದು ಕಳಿತ ಪಪ್ಪಾಯಿಯಷ್ಟು ಮೆತ್ತಗೆ. ಅದರ ಮೇಲಂಚಿನಲ್ಲಿರುವ ಗಂಟುಗಳನ್ನು ತೆಗೆಯುವಾಗ ಸಹಾಯಕ ಅದನ್ನು ಒತ್ತಿ ಹಿಡಿದರೆ ನಲುಗುತ್ತೆ. ಆಮೇಲೆ ಅದರ ರಸ ಸೋರಿ ಸುತ್ತಲಿನದನ್ನೆಲ್ಲ ಕೊರೆಯುತ್ತೆ. ಸಿಸ್ಟರ್ ಹೇಳಿದ ಆ ರಕ್ತಸ್ರಾವಕ್ಕೆ ಇದೂ ಒಂದು ಕಾರಣ. ರೋಬೋಟ್ ಕೈ ಬಾಗುವುದರಿಂದ ಗ್ರಂಥಿಯನ್ನು ಒತ್ತದೆ ಕೆಲಸ ಮಾಡಲು ಅನುಕೂಲ. ಜಪಾನಿನಲ್ಲಿ 2018ರ ಏಪ್ರಿಲ್‌ನಿಂದ ವಿಮೆಯಲ್ಲೂ ಸೇರಿಸಿದರು. ಅಲ್ಲಿನ ಒಂದು ಅಧ್ಯಯನದಲ್ಲಿ ಒಟ್ಟು ತೊಂದರೆ ರೋಬೋಟ್‌ನಲ್ಲಿ ಕಡಿಮೆ ಬಂತು. ಆದರೆ ಅವರು ಮುಖ್ಯವಾಗಿ ನೋಡಲು ಹೊರಟ ಹೊಟ್ಟೆಯೊಳಗಿನ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಬೋಟ್‌ಗೆ ಅಂತ ಸಾಲ ಮಾಡಬೇಡಿ. ನುರಿತ ಸರ್ಜನ್ ಕೈಯಲ್ಲಿ ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲೂ ಪ್ಯಾಂಕ್ರಿಯಾಸ್ ಮುಟ್ಟದೆ ಮಾಡಬಹುದು.

ಹುಬ್ಬಳ್ಳಿ_ಮಂದಿ
ಇದು ಒಪ್ಪತಕ್ಕ ಮಾತು. ಮಷೀನ್ ನೋಡಿ ಹೋಗಬೇಡ್ರಿ, ಮನುಷ್ಯನ್ನ ನೋಡಿ ಹೋಗ್ರಿ.

ಮೂಡಬಿದಿರೆ_ಭಟ್
ದುಡ್ಡಿನ ವಿಷಯ ಬಂತು ಅಂತ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜಿನ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅಡ್ಮಿಟ್ ಆಗುವ ಮೊದಲೇ ಆರೋಗ್ಯ ಮಿತ್ರ ಕೌಂಟರ್‌ಗೆ ಹೋಗಿ. ಸ್ಟೇಪ್ಲರ್ ಖರ್ಚು ಪ್ಯಾಕೇಜಿನಲ್ಲಿದೆಯಾ, ಹೊರಗಾ, ಅಲ್ಲೇ ಕೇಳಿ. ನಮ್ಮ ಅತ್ತಿಗೆಯ ಕೇಸಿನಲ್ಲಿ ಡಿಸ್ಚಾರ್ಜ್ ದಿನ ಈ ಬಿಲ್ಲಿಗೇ ಜಗಳವಾಯಿತು.

ಅರಿವಳಿಕೆ_ಡಾಕ್ಟ್ರು
ಯಾರೂ ಬೀಡಿ ಸಿಗರೇಟ್ ವಿಷಯ ಎತ್ತಲೇ ಇಲ್ಲ. ಸಾಗರದವರೇ, ಅಪ್ಪ ಸೇದುತ್ತಾರಾ? ಇಂದೇ ನಿಲ್ಲಿಸಲಿ. ನಾಲ್ಕು ವಾರ ಸಿಕ್ಕರೆ ತುಂಬಾ ಒಳ್ಳೆಯದು. ಈ ಆಪರೇಷನ್ ಆದ ಮೇಲೆ ನ್ಯುಮೋನಿಯಾ ದೊಡ್ಡ ತಲೆನೋವು. ಹೊಟ್ಟೆಯ ಮೇಲ್ಭಾಗದ ಗಾಯ, ಕೆಮ್ಮಲು ನೋವು, ಕಫ ಕೆಳಗೇ ಉಳಿಯುತ್ತೆ. ಕೀಹೋಲ್‌ನ ನಿಜವಾದ ಉಪಕಾರ ಇಲ್ಲಿದೆ: ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು.

ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತೆ. ಈಗಲೇ ತಂದು ಅಭ್ಯಾಸ ಮಾಡಿಸಿ. ಊದುವುದಲ್ಲ, ಎಳೆಯುವುದು. ನಿಧಾನವಾಗಿ ಎಳೆದು, ಚೆಂಡನ್ನು ಮೇಲೆ ಹಿಡಿದು, ಬಿಡಬೇಕು. ದಿನಾ ತೋಟದಲ್ಲಿ ಅರ್ಧ ಗಂಟೆ ನಡೆಯಲಿ. ಶುಗರ್ ಇದ್ದರೆ ಹತೋಟಿಗೆ ತನ್ನಿ. ಹಿಂದಿನ ದಿನದಿಂದ ನೀರೂ ಇಲ್ಲದೆ ಉಪವಾಸ ಕೆಡವಬೇಕಾಗಿಲ್ಲ. ಹೊಟ್ಟೆ ಖಾಲಿಯಾಗಲು ಅಡ್ಡಿ ಇಲ್ಲದವರಿಗೆ ಗಟ್ಟಿ ಆಹಾರ 6 ಗಂಟೆ ಮುಂಚೆ, ತಿಳಿ ನೀರು 2 ಗಂಟೆ ಮುಂಚಿನವರೆಗೆ ಕೊಡಬಹುದು. ಆದರೆ ನಿಮ್ಮ ಅಪ್ಪನ ಗಡ್ಡೆ ಕೆಳಭಾಗದಲ್ಲಿದೆ. ದಾರಿ ಕಟ್ಟಿಕೊಂಡಿದ್ದರೆ ಈ ಲೆಕ್ಕ ನಡೆಯಲ್ಲ. ಅಲ್ಲಿನ ಅರಿವಳಿಕೆ ಡಾಕ್ಟರ್ ಹೇಳಿದ ಹಾಗೇ ಮಾಡಿ.

ಸಾಗರದ_ಹುಡುಗ
ಸೇದಲ್ಲ ಸರ್, ಆದರೆ ಎಲೆ ಅಡಿಕೆ ಹೊಗೆಸೊಪ್ಪು ಇದೆ. ಅದನ್ನೂ ಬಿಡಿಸುತ್ತೇನೆ. ಇನ್ನೊಂದು ಕೇಳಬೇಕಿತ್ತು. ಕೀಹೋಲ್ ಶುರು ಮಾಡಿ ಮಧ್ಯದಲ್ಲಿ ಓಪನ್‌ಗೆ ಹೋದರೆ ಡಾಕ್ಟರ್‌ಗೆ ಬರಲಿಲ್ಲ ಅಂತಲಾ? ಮತ್ತೆ ಅವರನ್ನು ಏನೇನು ಕೇಳಲಿ?

ಕತ್ತರಿ_ಸೂಜಿ
ಅಲ್ಲ. ರಕ್ತ ಜೋರಾಯಿತು, ಗಡ್ಡೆ ಪಕ್ಕದ್ದಕ್ಕೆ ಅಂಟಿದೆ ಅಂದಾಗ ಹಟ ಹಿಡಿಯದೆ ಓಪನ್ ಮಾಡುವವರೇ ಒಳ್ಳೆಯ ಸರ್ಜನ್.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಕೇಳುವುದು, ಹೊಟ್ಟೆ ಕ್ಯಾನ್ಸರ್‌ಗೆ ಗಂಟುಗಳ ಸಮೇತ ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ಎಷ್ಟು ಜನರಿಗೆ ಲೀಕ್ ಆಗಿದೆ ಅಂತ. ನೇರವಾಗಿ ಕೇಳಿ, ತಪ್ಪಲ್ಲ. ರಾತ್ರಿ ಏನಾದರೂ ಆದರೆ ಸಿಟಿ, ಐಸಿಯು, ರಕ್ತನಾಳದೊಳಗೆ ತಂತಿ ಹಾಕಿ ರಕ್ತ ನಿಲ್ಲಿಸುವ ರೇಡಿಯಾಲಜಿ ತಂಡ ಅಲ್ಲೇ ಇದೆಯಾ ಅಂತಲೂ ಕೇಳಿ. ಆಮೇಲೆ ಮನೆಗೆ ಬಂದ ಮೇಲೆ ಹೆಪಾರಿನ್ ಇಂಜೆಕ್ಷನ್ ಮುಂದುವರಿಸಬೇಕಾ ಕೇಳಿ. ಕ್ಯಾನ್ಸರ್ ಆಪರೇಷನ್ ಆದವರಿಗೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತೆ, ನಾಲ್ಕು ವಾರದವರೆಗೂ ಕೊಡುವುದುಂಟು.

ಕರುಳನ್ನು ಹೇಗೆ ಜೋಡಿಸುತ್ತಾರೆ ಅನ್ನುವುದೂ ಮುಖ್ಯ. ಕರುಳನ್ನು ಇಂಗ್ಲಿಷಿನ Y ಆಕಾರದಲ್ಲಿ ಜೋಡಿಸುವ ರೂ-ಆನ್-ವೈ ವಿಧಾನ ಆದರೆ ಒಳಗೆ ಒಂದು ಸಂದು ಉಳಿಯುತ್ತೆ, ಪೀಟರ್ಸನ್ ಜಾಗ ಅಂತಾರೆ. ಅದನ್ನು ಹೊಲಿದು ಮುಚ್ಚದಿದ್ದರೆ ತಿಂಗಳುಗಳ ನಂತರ, ವರ್ಷದ ನಂತರವೂ, ಕರುಳು ಅದರೊಳಗೆ ನುಸುಳಿ ತಿರುಚಿಕೊಳ್ಳಬಹುದು. ಕೀಹೋಲ್‌ನಲ್ಲಿ ಆಮೇಲೆ ಒಳಗೆ ಕರುಳು ಅಲ್ಲಲ್ಲಿ ಅಂಟಿಕೊಳ್ಳುವುದು ಕಡಿಮೆ. ಅದು ಒಳ್ಳೆಯದೇ, ಆದರೆ ಕರುಳು ಸಲೀಸಾಗಿ ಜಾರುತ್ತೆ. ಹಾಗಾಗಿ ಅಪ್ಪ ಪೂರ್ತಿ ಚೇತರಿಸಿಕೊಂಡ ಮೇಲೂ ಒಮ್ಮೆಗೇ ವಿಪರೀತ ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಮನೆಯಲ್ಲಿ ಕೂರಿಸಬೇಡಿ. ಸಿಟಿ ಇರುವ ಆಸ್ಪತ್ರೆಗೆ ಹೋಗಿ, ಜಠರದ ಆಪರೇಷನ್ ಆಗಿದೆ ಅಂತ ಮೊದಲು ಹೇಳಿ.

ಹಾಸನದ_ಜಯಕ್ಕ
ತಮ್ಮಾ, ನನಗೆ ಇಡೀ ಜಠರವನ್ನೇ ತೆಗೆದಿದ್ದಾರೆ, ಕೀಹೋಲ್‌ನಲ್ಲೇ. ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವುದು ನಾನೇ. ನಿಮ್ಮ ಅಮ್ಮನಿಗೆ ಇದನ್ನು ಹೇಳು. ಊಟ ದಿನಕ್ಕೆ ಆರು ಸಲ, ಪ್ರತಿ ಸಲ ಒಂದು ಹಿಡಿ. ಊಟದ ಜೊತೆ ನೀರು ಕುಡಿಯಲ್ಲ. ಹಬ್ಬದಲ್ಲಿ ಹೋಳಿಗೆ ತಿಂದು ಅರ್ಧ ಗಂಟೆಯಲ್ಲಿ ಬೆವರು, ತಲೆಸುತ್ತು, ಎದೆ ಢವಢವ ಆಗಿ ಹೆದರಿದ್ದೆ. ಸಿಹಿ ಬೇಗ ಕರುಳಿಗೆ ಇಳಿದರೆ ಹಾಗಾಗುತ್ತಂತೆ, ಡಂಪಿಂಗ್ ಅಂದರು. ಬಿ12 ಇಂಜೆಕ್ಷನ್ ನನಗೆ ಜೀವನಪೂರ್ತಿ. ನಿಮ್ಮ ಅಪ್ಪನಿಗೆ ಅರ್ಧ ಜಠರವಾದರೂ ಉಳಿಯುತ್ತೆ ಅಂತ ಕಾಣುತ್ತೆ, ಆದರೂ ಬಿ12, ಕಬ್ಬಿಣಾಂಶ ನೋಡಿಸುತ್ತಾ ಇರಿ.

ಸಾಗರದ_ಹುಡುಗ
ಜಯಕ್ಕ, ಅಮ್ಮ ನಿಮ್ಮ ಮಾತು ಕೇಳಿ ಅತ್ತುಬಿಟ್ಟರು, ಆಮೇಲೆ ಸಮಾಧಾನವಾಯಿತು. ತುಂಬಾ ಥ್ಯಾಂಕ್ಸ್.

ಮೈಸೂರು_ಮಲ್ಲಿಗೆ_22
ಮಕ್ಕಳಿಗೂ ಬರುತ್ತಾ ಇದು? ನಮ್ಮ ಅಜ್ಜನಿಗೂ ಇತ್ತು.

ಕತ್ತರಿ_ಸೂಜಿ
ಹೆಚ್ಚಿನವು ವಂಶದಿಂದ ಬರುವಂಥವಲ್ಲ. ಆದರೂ ಅಪ್ಪ, ಅಮ್ಮ, ಅಣ್ಣತಮ್ಮಂದಿರಲ್ಲಿ ಇದ್ದರೆ ಎಚ್. ಪೈಲೋರಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಕ್ಯಾನ್ಸರ್ ಕಾರಕ ಅಂತ ಸಾರಿದೆ. ಇದ್ದರೆ ಎರಡು ವಾರದ ಮಾತ್ರೆಯಲ್ಲಿ ಹೆಚ್ಚಿನವರಿಗೆ ಹೋಗುತ್ತೆ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಒಬ್ಬರಿಗಿಂತ ಜಾಸ್ತಿ ಜನರಿಗೆ ಬಂದಿದ್ದರೆ ಜೆನೆಟಿಕ್ ಸಲಹೆ ಕೇಳಿ.

ಸಾಗರದ_ಹುಡುಗ
ಸೋಮವಾರ ಅಪಾಯಿಂಟ್‌ಮೆಂಟ್. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ವಾರ್ಡ್_ಸಿಸ್ಟರ್
ಸಿಟಿ ಸಿಡಿ, ಬಯಾಪ್ಸಿ ರಿಪೋರ್ಟ್, ಕೀಮೊ ಚಾರ್ಟ್ ಎಲ್ಲ ತೆಗೆದುಕೊಂಡು ಹೋಗಿ. ಅಪ್ಪ ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್ ಕೂಡ. ಹಾರ್ಟ್‌ಗೆ ಏನಾದರೂ ತೆಗೆದುಕೊಳ್ಳುತ್ತಾರಾ?

ಸಾಗರದ_ಹುಡುಗ
ಹೌದು ಸಿಸ್ಟರ್, ಹಿಂದೆ ಸ್ಟೆಂಟ್ ಹಾಕಿಸಿದ್ದೆವು. ಕ್ಲೋಪಿಡೊಗ್ರೆಲ್ ಅಂತ ಬರೆದಿದೆ.

ಅರಿವಳಿಕೆ_ಡಾಕ್ಟ್ರು
ಸೋಮವಾರ ಹೋದ ಕೂಡಲೇ ಅದನ್ನೇ ಮೊದಲು ಹೇಳಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಅದು. ಆಪರೇಷನ್‌ಗೆ ಸಾಮಾನ್ಯವಾಗಿ 5-7 ದಿನ ಮುಂಚೆ ನಿಲ್ಲಿಸುತ್ತಾರೆ, ಆದರೆ ಸ್ಟೆಂಟ್ ಯಾವಾಗ ಹಾಕಿದ್ದು ಅನ್ನುವುದರ ಮೇಲೆ ಹೃದಯದ ಡಾಕ್ಟರ್ ಮತ್ತು ಸರ್ಜನ್ ಸೇರಿ ತೀರ್ಮಾನ ಮಾಡಬೇಕು. ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಚೀಟಿ ಇಂದೇ ಹುಡುಕಿಡಿ, ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೂ ಹೇಳಬಹುದು.

ಸಾಗರದ_ಹುಡುಗ
ಚೀಟಿ ಊರಿನ ಬೀರುವಿನಲ್ಲಿದೆ. ಭಾವನಿಗೆ ಫೋನ್ ಮಾಡಿದೆ, ಫೋಟೊ ತೆಗೆದು ಕಳಿಸುತ್ತಾರೆ. ಸೋಮವಾರ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.